ಹೊಟ್ಟು ಹೊರುವ ಗಾಳಿಗೆ ಎಂಥ ಪೈಪು?

ಕಣದಲ್ಲಿ ರಾಗಿ ತೂರುವವರು ಗಾಳಿಗಾಗಿ ಕಾಯುತ್ತಾರೆ. ಹದವಾದ ಗಾಳಿ ಬೀಸಿದರೆ ಹೊಟ್ಟು ಹಾರುತ್ತದೆ, ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಮನೆಯ ಷೆಡ್ಡಿನಲ್ಲಿ ಮರಗೆಲಸ ಮಾಡುವವರು ಧೂಳು ಎಳೆಯುವ ಯಂತ್ರಕ್ಕೆ ಪೈಪು ಆರಿಸುವಾಗಲೂ ಇದೇ ಲೆಕ್ಕ. ಆದರೆ ಇಲ್ಲಿ ಹೊಟ್ಟಿನ ಜೊತೆ ಕಾಳಿನಂಥ ಚಕ್ಕೆಯೂ ಸಾಗಬೇಕು, ದಾರಿಯಲ್ಲಿ ಏನೂ ಬೀಳಬಾರದು.

ಮರದ ಧೂಳು ಸೀನು ತರಿಸಿ ಸುಮ್ಮನಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಮೊದಲ ಪೆಟ್ಟು ಮೂಗಿನ ಒಳಭಾಗಕ್ಕೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು 10 ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್!

ಈ ನವಿರು ಧೂಳು ಗಾಳಿಯಲ್ಲಿ ತೇಲುತ್ತ ಚದುರುವುದರಿಂದ ಅದನ್ನು ಹಿಡಿಯಲು ಬಹಳಷ್ಟು ಗಾಳಿ ಎಳೆಯಬೇಕು. ಅದಕ್ಕೆ ಅಗಲದ ಪೈಪು ಒಳ್ಳೆಯದು. ದಪ್ಪ ಚಕ್ಕೆಗೆ ಬೇಕಾದದ್ದು ವೇಗ: ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ಅದಕ್ಕೆ ಕಿರಿದಾದ ಪೈಪೇ ವಾಸಿ. ಇವೆರಡರ ನಡುವಿನ ರಾಜಿಯೇ ಪೈಪಿನ ಆಯ್ಕೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಚರಂಡಿ ಪಿವಿಸಿ ಪೈಪುಗಳನ್ನೇ ನೋಡಿ. 110 ಮಿಲಿಮೀಟರಿನದರಲ್ಲಿ ಆ ವೇಗ ಬರಲು ಗಂಟೆಗೆ ಸುಮಾರು 620 ಘನ ಮೀಟರ್ ಗಾಳಿ ಹರಿಯಬೇಕು. 160ರದರಲ್ಲಿ ಸುಮಾರು 1,320. ನಿಮ್ಮ ಯಂತ್ರ 800 ಮಾತ್ರ ಎಳೆದರೆ 160ರ ಪೈಪಿನಲ್ಲಿ ವೇಗ 12 ಮೀಟರಿಗೆ ಇಳಿದು ಚಕ್ಕೆ ಅಲ್ಲೇ ಕೂರುತ್ತದೆ. ಯಂತ್ರ ದೊಡ್ಡದೆಂದುಕೊಂಡು 1,300 ಘನ ಮೀಟರನ್ನು 110ರೊಳಗೆ ನುಗ್ಗಿಸಹೊರಟರೆ ಘರ್ಷಣೆ 160ರಲ್ಲಿದ್ದದ್ದಕ್ಕಿಂತ ಆರೇಳು ಪಟ್ಟು. ಫ್ಯಾನು ಏದುಸಿರು ಬಿಡುತ್ತದೆ. ಡಬ್ಬಿಯ ಮೇಲೆ ಬರೆದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು ಸಾಮಾನ್ಯವಾಗಿ ಪೈಪು, ಫಿಲ್ಟರ್ ಇಲ್ಲದೆ ಅಳೆದದ್ದು.

ಸುರುಳಿ ಮೈಯ ಬಳುಕುವ ಹೋಸ್ ಜೋಡಿಸಲು ಸಲೀಸು. ಆದರೆ ಒಳಗಿನ ಏಣುಗಳಿಗೆ ಗಾಳಿ ತಾಗಿ, ನುಣುಪು ಪೈಪಿಗಿಂತ ಎರಡು ಮೂರು ಪಟ್ಟು ತಡೆ ಹುಟ್ಟುತ್ತದೆ. ಯಂತ್ರದ ಬಾಯಿಯ ಹತ್ತಿರ ಒಂದು ಗೇಣು, ಒಂದು ಮೊಳ ಸಾಕು. ತಿರುವಿನಲ್ಲಿ 90 ಡಿಗ್ರಿಯ ಗಿಡ್ಡ ಬೆಂಡಿಗಿಂತ 45 ಡಿಗ್ರಿಯ ಎರಡು ಮೇಲು. ಕವಲಿಗೆ ಟೀ ಬೇಡ, ಗಾಳಿ ಹೋಗುವ ದಿಕ್ಕಿಗೇ ವಾಲಿದ ವೈ ಹಾಕಿ. ಬಳಸದ ಕವಲಿನ ಬಾಯಿ ಮುಚ್ಚಿಡಿ, ಎಳೆತವೆಲ್ಲ ಕೆಲಸವಿರುವ ಕಡೆಗೆ ಸಿಗುತ್ತದೆ.

ಪಿವಿಸಿ ಅಗ್ಗ, ನುಣುಪು. ಆದರೆ ಧೂಳು ಉಜ್ಜಿ ಸಾಗುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡದ ಕಾರಣ ಹೊರಗೆ ತಂತಿ ಸುತ್ತಿದರೂ ಅದು ಪೂರ್ತಿ ಇಳಿಯದು. ಜಿಐ ತಗಡಿನ ಪೈಪು ದುಬಾರಿ, ಆದರೆ ತುಂಡು ತುಂಡಿಗೂ ಸಂಪರ್ಕ ಕೊಟ್ಟು ಅರ್ತಿಂಗ್ ಮಾಡಿದರೆ ಚಿಂತೆ ಕಡಿಮೆ.

ಜೋಡಿಸಿ ವಾರ ಕಳೆದ ಮೇಲೆ, ಹಲಸಿನಹಣ್ಣನ್ನು ತಟ್ಟಿ ನೋಡುವಂತೆ ಪೈಪನ್ನು ಬೆರಳಿನಿಂದ ತಟ್ಟುತ್ತ ಹೋಗಿ. ಖಾಲಿ ಕಡೆ ದನಿ ಟಣ್ಣೆನ್ನುತ್ತದೆ. ಎಲ್ಲಿ ದಬ್ಬೆಂದಿತೋ ಅಲ್ಲಿ ಗಾಳಿ ಸೋತಿದೆ, ಹೊಟ್ಟು ಕೂತಿದೆ.