ಅಡ್ವಾನ್ಸ್‌ಗೆ ಮುಂಚೆ ಕಾಗದದ ಕಟ್ಟು

ಬೆಂಗಳೂರಿನ ರಾಜಾಜಿನಗರದಲ್ಲಿ ಮನೆ ಮಾರಾಟಕ್ಕಿದೆ ಎಂದು ಗೊತ್ತಾದರೆ ಕೊಳ್ಳುವವರು ಮೊದಲು ಕೇಳುವುದು ಕಾಗದಪತ್ರಗಳ ಜೆರಾಕ್ಸ್ ಸೆಟ್ಟನ್ನು. ವಕೀಲರು ನೋಡಿ ಒಪ್ಪುವ ತನಕ ಟೋಕನ್ ಅಡ್ವಾನ್ಸೂ ಕೈಗೆ ಬರುವುದಿಲ್ಲ. ಮಾರುವವರಿಗೆ ಇದು ಕಿರಿಕಿರಿಯೇ. ಆದರೆ ಈ ತಪಾಸಣೆಯ ಬೇರು ಬಡಾವಣೆಗಳ ಹುಟ್ಟಿನಲ್ಲೇ ಇದೆ.

1945ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿ (ಸಿಐಟಿಬಿ), 1976ರ ಕಾಯ್ದೆಯ ನಂತರ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸೈಟುಗಳನ್ನು ಹಂಚಿದ್ದು ‘ಲೀಸ್ ಕಮ್ ಸೇಲ್’ ಕರಾರಿನ ಮೇಲೆ. ಬಿಡಿಎ ನಿಯಮದಂತೆ ಹತ್ತು ವರ್ಷ ಕಳೆದ ಮೇಲೆ ಶುದ್ಧ ಕ್ರಯಪತ್ರ, ಅಲ್ಲಿಯವರೆಗೆ ಮಾರುವಂತಿಲ್ಲ. ಮಗಳ ಮದುವೆ, ವರ್ಗಾವಣೆ, ಸಾಲ ಇವು ಹತ್ತು ವರ್ಷ ಕಾಯುತ್ತವೆಯೇ? ಜನ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ), ಅಗ್ರಿಮೆಂಟು, ಅಫಿಡವಿಟ್ಟು, ಉಯಿಲು ಬರೆದುಕೊಟ್ಟು ಹಣ ಪಡೆದರು. ಹಾಗೆ ಕೊಂಡವರು ಅದೇ ರೀತಿ ಮತ್ತೊಬ್ಬರಿಗೆ ಮಾರಿದರು. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ‘ಜಿಪಿಎ ಮಾರಾಟ’ದಿಂದ ಮಾಲೀಕತ್ವ ಬರುವುದಿಲ್ಲ ಎಂದು ಖಚಿತವಾಗಿ ಹೇಳಿತು. ಹಂಚಿಕೆ ಪತ್ರ, ಸ್ವಾಧೀನ ಪತ್ರದಿಂದ ಹಿಡಿದು ಇಂದಿನವರೆಗೆ ಕೊಂಡಿ ಕಳಚದ ಪತ್ರಗಳನ್ನು ವಕೀಲರು ಕೇಳುವುದು ಇದಕ್ಕೇ.

ಕೆಂಗೇರಿ ಸುತ್ತಿನ ಕಥೆ ಬೇರೆ. ಅಲ್ಲಿ ಅನೇಕ ಸೈಟುಗಳು ಪಿತ್ರಾರ್ಜಿತ ಹೊಲಗಳಿಂದ ಬಂದವು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಆದರೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಆ ಹಕ್ಕು ಹುಟ್ಟಿನಿಂದಲೇ ಎಂದಿತು. ಹಾಗಾಗಿ ವಂಶವೃಕ್ಷ ಕೇಳುತ್ತಾರೆ, ಅಕ್ಕತಂಗಿಯರ ಸಹಿ ಕೇಳುತ್ತಾರೆ. ಇದನ್ನು ಅವಮಾನ ಎಂದು ತಿಳಿಯುವ ಅಣ್ಣಂದಿರಿದ್ದಾರೆ. ಅಕ್ಕತಂಗಿಯರನ್ನು ಮೊದಲೇ ಕೂರಿಸಿ ಮಾತಾಡುವುದು ನ್ಯಾಯ, ವ್ಯವಹಾರಕ್ಕೂ ಕ್ಷೇಮ.

ಕಟ್ಟಡದ ಪರಿಶೀಲನೆ ಇಲ್ಲಿ ಇನ್ನೂ ಮೇಸ್ತ್ರಿಯ ಕಣ್ಣಳತೆಯಲ್ಲೇ ಇದೆ. ಹಳೆಯ ಮನೆಗೆ ಬೆಲೆ ಕಟ್ಟುವಾಗ ಸೈಟಿನ ಅಳತೆಯೇ ಮುಖ್ಯ. ಟೇಪು ಹಿಡಿದು ಚಕ್ಕುಬಂದಿ ನೋಡುತ್ತಾರೆ, ನಕ್ಷೆಯಲ್ಲಿಲ್ಲದ ಮಹಡಿ ಎದ್ದಿದೆಯೇ, ವೃಷಭಾವತಿಗೆ ಸೇರುವ ರಾಜಕಾಲುವೆ ಎಷ್ಟು ಹತ್ತಿರ ಎಂದು ವಿಚಾರಿಸುತ್ತಾರೆ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಮೇಲೂ ಹೊಣೆ ಹೊರಿಸಿದೆ. ಸಾಮಾನ್ಯ ಎಚ್ಚರದಿಂದ ಕೊಳ್ಳುವವರ ಕಣ್ಣಿಗೆ ಬೀಳದ ಮುಖ್ಯ ದೋಷ ತಮಗೆ ಗೊತ್ತಿದ್ದರೆ ಅವರೇ ತಿಳಿಸಬೇಕು. ಮಳೆಗಾಲದಲ್ಲಿ ನೀರು ಕುಡಿಯುವ ಗೋಡೆಗೆ ಹೊಸ ಬಣ್ಣ ಬಳಿದು ಸುಮ್ಮನಿರುವುದು ಜಾಣತನವಲ್ಲ.

ಕರಾರಿನ ಷರತ್ತುಗಳೂ ಹೀಗೆಯೇ ಒಂದೊಂದಾಗಿ ಸೇರಿಕೊಂಡವು. 2013ರ ಜೂನ್‌ನಿಂದ 50 ಲಕ್ಷ ಮತ್ತು ಮೇಲಿನ ವ್ಯವಹಾರದಲ್ಲಿ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಹಿಡಿಯಬೇಕು. 2015ರ ಜೂನ್‌ನಿಂದ 20 ಸಾವಿರ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯಿಂದ, ಮಾತು ತಪ್ಪಿದವರ ಮೇಲೆ ಕೋರ್ಟಿನಲ್ಲಿ ಕರಾರನ್ನೇ ಜಾರಿ ಮಾಡಿಸುವುದು ಮೊದಲಿಗಿಂತ ಸುಲಭವಾಗಿದೆ. ಅಡ್ವಾನ್ಸ್ ವಾಪಸ್ ಕೊಟ್ಟು ಕೈತೊಳೆದುಕೊಳ್ಳಬಹುದು ಎಂಬ ಹಳೆಯ ಧೈರ್ಯ ಇನ್ನು ನಡೆಯದು.

ವಿಜಯನಗರ, ಬಸವೇಶ್ವರನಗರದಲ್ಲಿ ಇನ್ನೊಂದು ಷರತ್ತು ಮರೆಯುವಂತಿಲ್ಲ. ಮೇಲಿನ ಮಹಡಿ ಭೋಗ್ಯಕ್ಕೆ ಕೊಟ್ಟಿದ್ದರೆ ಆಗ ಪಡೆದ ಲಕ್ಷಗಳ ಠೇವಣಿಯನ್ನು ಯಾರು, ಎಂದು ಹಿಂದಿರುಗಿಸುತ್ತಾರೆ, ಕ್ರಯದ ಮೊತ್ತದಲ್ಲಿ ಹೇಗೆ ಮುರಿದುಕೊಳ್ಳುತ್ತಾರೆ, ಮನೆ ಯಾವ ತಾರೀಖಿಗೆ ಖಾಲಿಯಾಗುತ್ತದೆ ಎಂಬುದು ಕರಾರಿನಲ್ಲೇ ಇರಬೇಕು. ಭೋಗ್ಯದಾರರಿಗೂ ಅದನ್ನು ಮೊದಲೇ ತಿಳಿಸಬೇಕು.