ನಿಮಗಿದು ಗೊತ್ತೆ? 5ಜಿ ಚಿಪ್‌ಗೂ ಆಗುಂಬೆಯ ಹೆಸರು!

ಮಂಗಳೂರಿನ ಕೊಡಿಯಾಲ್‌ಬೈಲ್‌ನ ರಸ್ತೆಬದಿಯಲ್ಲಿ ನಿಂತು ನೀವು ಮೊಬೈಲ್‌ನಲ್ಲಿ ವಿಡಿಯೊ ನೋಡುವಾಗ, ಗಾಳಿಯಲ್ಲಿ ಬಂದ ರೇಡಿಯೊ ಅಲೆಯನ್ನು ಹಿಡಿದು ದತ್ತಾಂಶವಾಗಿಸುವ ಕೆಲಸ ಶುರುವಾಗುವುದು ಪುಟ್ಟದೊಂದು ರೇಡಿಯೊ ಚಿಪ್‌ನಲ್ಲಿ.

● ಬೆಂಗಳೂರಿನ ಸಿಗ್ನಲ್‌ಚಿಪ್ ಕಂಪನಿಯು 4ಜಿ ಮತ್ತು 5ಜಿ ಮೋಡೆಮ್‌ಗಳಿಗೆ ಬೇಕಾದ ಭಾರತದ ಮೊದಲ ಸ್ವದೇಶಿ ಚಿಪ್‌ಗಳನ್ನು 2019ರ ಫೆಬ್ರವರಿಯಲ್ಲಿ ಅನಾವರಣಗೊಳಿಸಿತು. ಈ ಸರಣಿಗೆ ಇಟ್ಟ ಸಂಕೇತನಾಮ ‘ಆಗುಂಬೆ’!

● ಇದರ ಹಿಂದಿದ್ದುದು ಎಂಟು ವರ್ಷಕ್ಕೂ ಮೀರಿದ ಸಂಶೋಧನೆ. 6 ಗಿಗಾಹರ್ಟ್ಸ್‌ವರೆಗಿನ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುವ ಈ ಚಿಪ್‌ಗಳು, ನಮ್ಮದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಸಂಕೇತಗಳನ್ನೂ ಬಳಸಬಲ್ಲವು.

● ಸಿಗ್ನಲ್‌ಚಿಪ್‌ನಂಥ ಕಂಪನಿಗಳಿಗೆ ‘ಫ್ಯಾಬ್‌ಲೆಸ್’ ಎನ್ನುತ್ತಾರೆ. ವಿನ್ಯಾಸ ಮಾತ್ರ ಇವರದು. ಚಿಪ್ ತಯಾರಾಗುವುದು ಬೇರೆಯವರ ಕಾರ್ಖಾನೆಯಲ್ಲಿ.

● ಬೆಂಗಳೂರಿನದೇ ಆದ ಸಾಂಖ್ಯ ಲ್ಯಾಬ್ಸ್ 2018ರ ಡಿಸೆಂಬರ್‌ನಲ್ಲಿ ‘ಪೃಥ್ವಿ-3’ ಎಂಬ ಚಿಪ್ ಹೊರತಂದಿತ್ತು. ಸಾಫ್ಟ್‌ವೇರ್ ಬದಲಿಸಿದರೆ ಸಾಕು, ಒಂದೇ ಚಿಪ್ ಹಲವು ಬಗೆಯ ಪ್ರಸಾರಗಳನ್ನು ಗ್ರಹಿಸುತ್ತದೆ.

● ದತ್ತಾಂಶದ ವೇಗ ಹೆಚ್ಚಬೇಕಾದರೆ ಅಗಲವಾದ ಬ್ಯಾಂಡ್ ಬೇಕು. ಅದು ಧಾರಾಳವಾಗಿ ಸಿಗುವುದು ಹೆಚ್ಚಿನ ಆವರ್ತನಗಳಲ್ಲಿ. 26 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 11.5 ಮಿಲಿಮೀಟರ್ ಮಾತ್ರ. ಅಲ್ಲಿ ಚಿಪ್ ಒಳಗಿನ ಲೋಹದ ಗೆರೆಯೂ ಬರಿಯ ತಂತಿಯಾಗಿ ಉಳಿಯದೆ ಸುರುಳಿಯ ಗುಣ ತೋರುತ್ತದೆ. ಆದ್ದರಿಂದ ಪ್ರತಿ ಗೆರೆಯ ಉದ್ದ, ಅಗಲಗಳನ್ನೂ ಲೆಕ್ಕಹಾಕಿಯೇ ಎಳೆಯಬೇಕು.

● ಇಷ್ಟು ಗಿಡ್ಡ ಅಲೆಗಳನ್ನು ಗೋಡೆ, ಮರದೆಲೆ, ಜಡಿಮಳೆ ಎಲ್ಲವೂ ಕುಗ್ಗಿಸುತ್ತವೆ. ಹಾಗಾಗಿ ದೂರದ ಸಂಪರ್ಕಕ್ಕೆ ಇಂದಿಗೂ ಕಡಿಮೆ ಆವರ್ತನದ ಬ್ಯಾಂಡ್‌ಗಳೇ ಆಧಾರ.