ಕಾರಿಗೂ ಬೇಕು ಹದವಾದ ಬಿಸಿ

ಧರ್ಮಸ್ಥಳದಿಂದ ಹಿಂದಿರುಗುತ್ತ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಏಪ್ರಿಲ್ ತಿಂಗಳ ಉರಿಬಿಸಿಲು. ಕಾರಿನಲ್ಲಿ ನಾವು ಐದು ಜನ, ಹಿಂದೆ ಗಂಟುಮೂಟೆ, ಸಾಲದ್ದಕ್ಕೆ ಏ.ಸಿ. ಬೇರೆ. ಕೊಟ್ಟಿಗೆಹಾರ ಇನ್ನೂ ದೂರವಿದ್ದಾಗಲೇ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಏಳತೊಡಗಿತು. ನಮ್ಮ ಯಜಮಾನರು ಗಾಬರಿಯಿಂದ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ನೀರಿನ ಮುಚ್ಚಳ ತಿರುಗಿಸಲು ಕೈ ಚಾಚಿದರು.

"ತಡೀರಿ ಸಾರ್! ಮುಟ್ಬೇಡಿ!" ಹಿಂದೆ ಬರುತ್ತಿದ್ದ ಜೀಪಿನ ಚಾಲಕ ಕೂಗುತ್ತಲೇ ಇಳಿದು ಓಡಿಬಂದ. ನನ್ನ ಕಡೆ ತಿರುಗಿ ಕೇಳಿದ: "ಅಮ್ಮಾ, ಒಲೆ ಮೇಲಿರೋ ಕುಕ್ಕರ್ ಮುಚ್ಚಳಾನ ವಿಷಲ್ ಇಳಿಯೋ ಮುಂಚೆ ತೆಗೀತೀರಾ?"

ಆ ಒಂದು ಮಾತಿನಿಂದ ನನಗೆ ಎಲ್ಲವೂ ಅರ್ಥವಾಯಿತು. ನಮ್ಮವರ ಮುಖ, ಕೈ ಅಂದು ಉಳಿದದ್ದು ಆ ಪುಣ್ಯಾತ್ಮನಿಂದ.

ಕಾರೆಂದರೆ ಗಂಡಸರ ವಿಷಯ ಎಂದು ಪುಟ ತಿರುವಬೇಡಿ, ಸೋದರಿಯರೇ. ಇದು ಪೂರ್ತಿಯಾಗಿ ಬೆಂಕಿ, ನೀರು, ಹಬೆ, ಹದ ಇವುಗಳ ಕಥೆ. ಇವನ್ನು ನಮಗಿಂತ ಚೆನ್ನಾಗಿ ಬಲ್ಲವರಾರು?

ಒಳಗೊಂದು ಒಲೆ

ಎಂಜಿನ್ ಎಂದರೆ ಒಂದು ಒಲೆಯೇ. ಅದರ ಸಿಲಿಂಡರಿನೊಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ನಿನ ಹಲವು ಭಾಗಗಳು ಅಲ್ಯುಮಿನಿಯಂನವು. ಅದು ಕರಗಲು 660 ಡಿಗ್ರಿ ಸಾಕು! ಹಾಗಿದ್ದೂ ಕರಗದಿರುವುದು ಏಕೆ? ಸುತ್ತಲೂ ಸಣ್ಣ ಕಾಲುವೆಗಳಲ್ಲಿ ಕೂಲೆಂಟ್ ಎಂಬ ದ್ರವ ಹರಿಯುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ಮುಂದಿರುವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಾಳಿಗೆ ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ. ನಾವು ಹಾಕಿಸುವ ಪೆಟ್ರೋಲಿನ ಶಕ್ತಿಯಲ್ಲಿ ಕಾರನ್ನು ಎಳೆಯಲು ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದು ಬಹುಪಾಲು ಹೊಗೆಯ ಜೊತೆಗೂ ಈ ಕೂಲೆಂಟಿನ ಜೊತೆಗೂ ಬಿಸಿಯಾಗಿ ಹೋಗುತ್ತದೆ.

ಈ ದ್ರವ ಕುದಿಯಬಾರದೆಂದು ಮುಚ್ಚಳ ಬಿಗಿದು ಒತ್ತಡದಲ್ಲಿ ಇಟ್ಟಿರುತ್ತಾರೆ. ಕುಕ್ಕರಿನಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಕಾಯುವುದಿಲ್ಲವೇ, ಇದೂ ಹಾಗೆಯೇ. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡ ಥಟ್ಟನೆ ಇಳಿದು, ಕಾದ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ತಣ್ಣಗಿದ್ದರೆ ಒಳ್ಳೆಯದೇ?

ಹಾಗಾದರೆ ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂದು ನಾನೂ ತಿಳಿದಿದ್ದೆ. ಇದು ಶುದ್ಧ ತಪ್ಪು. ದೋಸೆ ಕಾವಲಿಯನ್ನು ನೆನೆಯಿರಿ. ಕಾಯದ ಕಾವಲಿಗೆ ಹಿಟ್ಟು ಹುಯ್ದರೆ ಮೆತ್ತಿಕೊಳ್ಳುತ್ತದೆ. ಅತಿಯಾಗಿ ಕಾದರೆ ಸೀದುಹೋಗುತ್ತದೆ. ಎಂಜಿನ್ನಿಗೂ ಹದ ಬೇಕು. ಹೆಚ್ಚಿನ ಕಾರುಗಳಲ್ಲಿ ಕೂಲೆಂಟ್ ಸುಮಾರು 85ರಿಂದ 105 ಡಿಗ್ರಿಯ ನಡುವೆ ಇದ್ದಾಗ ಎಂಜಿನ್ ಚೆನ್ನಾಗಿ ಓಡುತ್ತದೆ.

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಆದ್ದರಿಂದ ಕಾರು ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಹೆಚ್ಚು ಹೊಗೆ ಉಗುಳುತ್ತದೆ. ಎಂಜಿನ್ ಆಯಿಲು ಚಳಿಗಾಲದ ತುಪ್ಪದಂತೆ ಮಂದವಾಗಿದ್ದು ಎಲ್ಲ ಕಡೆಗೂ ಬೇಗ ಹರಿಯುವುದಿಲ್ಲ, ಒಳಭಾಗಗಳು ಸವೆಯುತ್ತವೆ. ಒಂದೆರಡು ಕಿಲೋಮೀಟರ್ ದೂರದ ಸಂತೆಗೋ ಶಾಲೆಗೋ ಹೋಗಿಬರುವ ಕಾರು ಮೈಲೇಜು ಕಡಿಮೆ ಕೊಡುವುದು ಇದಕ್ಕೇ. ಅದು ಕಾಯುವಷ್ಟರಲ್ಲಿ ಮನೆಯೇ ಬಂದಿರುತ್ತದೆ!

ಬೇಗ ಕಾಯಲೆಂದೇ ಎಂಜಿನ್ನಿಗೆ ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಬಾಗಿಲಿದೆ. ಒಳಗೆ ಮೇಣ ತುಂಬಿರುತ್ತದೆ. ಸುಮಾರು 82ರಿಂದ 90 ಡಿಗ್ರಿಗೆ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆದು ಕೂಲೆಂಟ್ ರೇಡಿಯೇಟರಿಗೆ ಹರಿಯುತ್ತದೆ. "ನಮ್ಮ ಬಿಸಿಲಿನ ದೇಶಕ್ಕೆ ಇದ್ಯಾಕೆ ಸಾರ್?" ಎಂದು ಅದನ್ನು ಕಿತ್ತೊಗೆಯುವ ಮೆಕ್ಯಾನಿಕ್‌ಗಳಿದ್ದಾರೆ. ಒಪ್ಪಬೇಡಿ. ಕೆಟ್ಟಿದ್ದರೆ ಹೊಸದನ್ನು ಹಾಕಿಸಿ.

ಬೆಳಗ್ಗೆ ಕಾರನ್ನು ನಿಂತಲ್ಲೇ ಹತ್ತು ನಿಮಿಷ ಗುರ್ರೆನ್ನಿಸುವುದೂ ಬೇಡ. ಅರ್ಧ ನಿಮಿಷ ಬಿಟ್ಟು ಹೊರಟು, ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿದರೆ ಸಾಕು.

ಬಿಸಿ ಮಿತಿಮೀರಿದರೆ

ಘಾಟಿಯಲ್ಲಿ ಎಂಜಿನ್ನಿಗೆ ಕೆಲಸ ಹೆಚ್ಚು, ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಗಾಳಿ ಕಡಿಮೆ. ಬಿಸಿ ಮಿತಿಮೀರಿದಾಗ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಎಂಜಿನ್ 'ಟಿಣ್ ಟಿಣ್' ಎನ್ನುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ, ಆಯಿಲು ನೀರಿನಂತೆ ತೆಳ್ಳಗಾಗುತ್ತದೆ. ಆಗಲೂ ಓಡಿಸಿದರೆ ಎಂಜಿನ್ನಿನ ಮೇಲ್ಭಾಗವೇ ಬಾಗಿ, ನಡುವಿನ ಗ್ಯಾಸ್ಕೆಟ್ ಸುಟ್ಟು, ನೀರೂ ಆಯಿಲೂ ಬೆರೆಯಬಹುದು. ಆಯಿಲು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದೇ ಗುರುತು. ಹತ್ತು ನಿಮಿಷ ನಿಲ್ಲಿಸದೆ ಹೋದದ್ದಕ್ಕೆ ಸಾವಿರಾರು ರೂಪಾಯಿ ದಂಡ!

ನಮ್ಮ ಕಾರಿಗೆ ಏನಾಗಿತ್ತು? ತಪ್ಪು ನಮ್ಮದೇ. ಕೂಲೆಂಟ್ ಇಳಿದಾಗಲೆಲ್ಲ ಮನೆಯ ಬೋರ್‌ವೆಲ್ ನೀರು ಸುರಿಯುತ್ತಿದ್ದೆವು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವ ಬಿಳಿ ಕಿಟ್ಟ ರೇಡಿಯೇಟರಿನ ಕೊಳವೆಗಳಲ್ಲೂ ಕೂತಿತ್ತು. ಬರಿಯ ನೀರಿನಿಂದ ತುಕ್ಕೂ ಹಿಡಿಯುತ್ತದೆ. ಕೂಲೆಂಟ್ ತುಕ್ಕನ್ನು ತಡೆಯುತ್ತದೆ, ನೀರಿಗಿಂತ ಹೆಚ್ಚಿನ ಬಿಸಿಗೆ ಕುದಿಯುತ್ತದೆ.

ನೆನಪಿಡಿ

* ಮುಳ್ಳು ನಡುವೆ ಇದ್ದರೆ ಕ್ಷೇಮ. ಮುಳ್ಳಿಲ್ಲದ ಕಾರುಗಳಲ್ಲಿ ನೀಲಿ ದೀಪವಿದ್ದರೆ ಎಂಜಿನ್ ಇನ್ನೂ ಕಾದಿಲ್ಲ, ಕೆಂಪು ದೀಪ ಹತ್ತಿದರೆ ಅಪಾಯ. ಮೇಲೆ ಹೋದ ಮುಳ್ಳು ತಟ್ಟನೆ ಕೆಳಗೆ ಬಿದ್ದರೆ ಸಮಾಧಾನಪಡಬೇಡಿ. ಕೂಲೆಂಟ್ ಪೂರ್ತಿ ಸೋರಿದ್ದರೂ ಹೀಗಾಗಬಹುದು.

* ಮುಳ್ಳು ಏರತೊಡಗಿದರೆ ಏ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ. ಒಳಗಿದ್ದವರಿಗೆ ಸೆಕೆಯಾದರೂ ಎಂಜಿನ್ನಿನ ಬಿಸಿ ಒಂದಿಷ್ಟು ಹೊರಬರುತ್ತದೆ. ಸುರಕ್ಷಿತ ಜಾಗ ಕಂಡ ಕೂಡಲೇ ನಿಲ್ಲಿಸಿ.

* ಹಬೆ ಬಂದರೆ, ಕೆಂಪು ದೀಪ ಹತ್ತಿದರೆ ಎಂಜಿನ್ ಆರಿಸಿ. ಅರ್ಧ ಗಂಟೆಗಿಂತ ಹೆಚ್ಚೇ ಕಾಯಿರಿ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ಫ್ಯಾನು ತಾನಾಗಿಯೇ ತಿರುಗಬಹುದು. ಸೆರಗು, ಜಡೆ, ಕೈ ಜೋಪಾನ.

* ಕಾದ ಎಂಜಿನ್ನಿಗೆ ತಣ್ಣೀರು ಹಾಕಬೇಡಿ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದಂತೆ ಬಿರುಕು ಬಿಡಬಹುದು. ತಣಿದ ಮೇಲೆ, ಗತ್ಯಂತರವಿಲ್ಲದಿದ್ದರೆ ಕುಡಿಯುವ ನೀರು ತುಂಬಿ ಹತ್ತಿರದ ಗ್ಯಾರೇಜು ಸೇರಿ.

* ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ಟಿನೊಳಗಿನ ಪ್ಲಾಸ್ಟಿಕ್ ಡಬ್ಬಿ ನೋಡಿ. ಕೂಲೆಂಟ್ ಎರಡು ಗೆರೆಗಳ ನಡುವೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

* ಸಾಮಾನ್ಯವಾಗಿ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ಘೋರ ವಿಷ. ಬಣ್ಣವೂ ಶರಬತ್ತಿನಂತೆ. ಮಕ್ಕಳ ಕೈಗೆ ಎಟುಕದಂತಿಡಿ, ಬೇರೆ ಬಾಟಲಿಗೆ ಸುರಿದಿಡಬೇಡಿ, ನೆಲಕ್ಕೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕದಂತೆ ತೊಳೆಯಿರಿ. ಯಾರಾದರೂ ಕುಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಅಂದು ಒಂದು ಗಂಟೆ ಮರದ ನೆರಳಲ್ಲಿ ಕಾದು, ಕುಡಿಯಲು ತಂದಿದ್ದ ನೀರನ್ನು ತುಂಬಿಸಿ, ಮೆಲ್ಲಮೆಲ್ಲನೆ ಕೊಟ್ಟಿಗೆಹಾರ ಸೇರಿ ನೀರುದೋಸೆ ತಿಂದೆವು. ಈಗ ಎಲ್ಲಿಗೇ ಹೊರಡಲಿ, ದೇವರಿಗೆ ಕೈಮುಗಿದು, ಗ್ಯಾಸ್ ಬಂದ್ ಮಾಡಿ, ಬಾನೆಟ್ ಎತ್ತಿಸಿ ಆ ಡಬ್ಬಿ ನೋಡುವುದು ನನ್ನದೇ ಕೆಲಸ. ನಮ್ಮವರು ನಗುತ್ತಾರೆ. ಆದರೂ ನಾನು "ಹೂಂ" ಎನ್ನುವವರೆಗೆ ಕಾರು ಹೊರಡಿಸುವುದಿಲ್ಲ!